ಚೆಸ್‌ನಲ್ಲಿ ಕಮ್ಮಿ ರೇಟಿಂಗ್ ಹುಡುಗನ ಕೈಲಿ ಸೋತ ಪುಟ್ಟಿಗೆ

ಪುಟ್ಟೀ,

ನಿನ್ನೆ ಫೋನಲ್ಲಿ ನೀನು ಆ ಚೆಸ್ ಆಟದ ಬಗ್ಗೆ ಒಂದೇ ಮಾತು ಮೂರು ಸಲ ಹೇಳಿದೆ. "ದೊಡ್ಡಪ್ಪಾ, ಅವನು ಗೆಲ್ಲಲಿಲ್ಲ, ನಾನೇ ಆಟ ಕೊಟ್ಟುಬಿಟ್ಟೆ" ಅಂತ. ಆ ಮಾತು ನನಗೆ ಸರಿ ಕಾಣಲಿಲ್ಲ, ಅದಕ್ಕೇ ಈ ಕಾಗದ.

ಅವನ ರೇಟಿಂಗ್ ನಿನಗಿಂತ 200 ಕಮ್ಮಿ, ಅಲ್ವಾ? ಅಂಥವರ ಜೊತೆ ನೂರು ಆಟ ಆಡಿದರೆ ನಿನಗೆ 76 ಪಾಯಿಂಟ್ ಬರಬಹುದು ಅನ್ನುತ್ತದೆ ಎಲೋ ಲೆಕ್ಕ, ಅಂದರೆ ಚೆಸ್ ರೇಟಿಂಗ್ ಹಾಕುವ ಲೆಕ್ಕ. ಉಳಿದ 24 ಅವರದ್ದೇ. ರೇಟಿಂಗ್‌ನಲ್ಲಿ 30 ಅಂಕ ಹೋಯ್ತು ಅಂತ ಅಳಬೇಡ. ನಿಮ್ಮ ವಯಸ್ಸಿನವರಿಗೆ ಕೆ ಅಂಶ, ಅಂದರೆ ಒಂದು ಆಟಕ್ಕೆ ರೇಟಿಂಗ್ ಎಷ್ಟು ಅಲುಗಾಡಬಹುದು ಅನ್ನುವ ಅಂಕಿ, 40 ಇರುವುದರಿಂದ ರೇಟಿಂಗ್ ಹೀಗೆ ದಡಕ್ಕಂತ ಇಳಿಯುತ್ತದೆ, ಹಾಗೇ ಏರುತ್ತದೆ.

ಗುಕೇಶ್ 2025ರ ಜೂನ್ 1ರಂದು ನಾರ್ವೆಯ ಸ್ಟಾವೆಂಜರ್‌ನಲ್ಲಿ, ನಾರ್ವೆ ಚೆಸ್ ಟೂರ್ನಿಯಲ್ಲಿ, ಆಗಿನ ನಂಬರ್ ಒನ್ ಆಟಗಾರ ಕಾರ್ಲ್‌ಸನ್‌ನನ್ನು ಸೋಲಿಸಿದ ಆಟ ಇನ್ನೊಮ್ಮೆ ನೋಡು. ಆಗ ವಿಶ್ವ ಚಾಂಪಿಯನ್ ಆಗಿದ್ದರೂ ರೇಟಿಂಗ್‌ನಲ್ಲಿ ಗುಕೇಶನೇ ಕೆಳಗಿದ್ದ, ಅದೇ ಟೂರ್ನಿಯ ಮೊದಲ ಸುತ್ತಿನಲ್ಲಿ ಅವನಿಗೇ ಸೋತಿದ್ದ. ಈ ಆಟದಲ್ಲೂ ತುಂಬಾ ಹೊತ್ತು ಹಿಂದೆ ಬಿದ್ದಿದ್ದ. ಆದರೂ ಕೈ ಚೆಲ್ಲದೆ ಒಂದೊಂದು ನಡೆಗೂ ಒಂದೊಂದು ತಲೆನೋವು ಇಡುತ್ತಾ ಹೋದ. 40 ನಡೆ ಮುಗಿದ ಮೇಲೆ ಅಲ್ಲಿ ನಡೆಗೆ 10 ಸೆಕೆಂಡ್ ಮಾತ್ರ ಸೇರುತ್ತಿತ್ತು, ಗಡಿಯಾರ ಕುತ್ತಿಗೆಗೆ ಬಂದಾಗ ಕಾರ್ಲ್‌ಸನ್ 52ನೇ ನಡೆಯಲ್ಲಿ ಕುದುರೆಯಿಂದ ಚೆಕ್ ಕೊಟ್ಟು ಕೆಟ್ಟ. ಆಮೇಲೆ ಮೇಜಿಗೆ ಗುದ್ದಿದ್ದನ್ನು ನೀನೂ ನೋಡಿದ್ದೀಯ, ನಕ್ಕಿದ್ದೀಯ ಕೂಡ! ಗುಕೇಶ್ ಮಾತ್ರ ನೂರರಲ್ಲಿ 99 ಸಲ ನಾನು ಸೋಲುತ್ತಿದ್ದೆ, ಅದೃಷ್ಟ ಅಂದ. ಗೆದ್ದವನು ಅದೃಷ್ಟ ಅಂದರೆ ಚೆಂದ. ಸೋತವರು ಅವನದ್ದು ಬರೀ ಅದೃಷ್ಟ ಅಂದರೆ ಕೇಳೋಕಾಗಲ್ಲ.

ನಾನೂ ಆಫೀಸಲ್ಲಿ ಊಟದ ಹೊತ್ತಿನ ಆಟದಲ್ಲಿ ಸೋತಾಗಲೆಲ್ಲ "ಸುಮ್ನೆ ಬಿಟ್ಟುಕೊಟ್ಟೆ" ಅನ್ನುತ್ತಿದ್ದೆ. ಒಂದು ವರ್ಷದಲ್ಲಿ ನನ್ನ ಎದುರು ಕೂರೋಕೆ ಯಾರೂ ಇರಲಿಲ್ಲ, ಬೋರ್ಡು ಬೀರುವಿನ ಮೇಲೆ ಧೂಳು ತಿಂದಿತು.

ಮುಂದಿನ ಟೂರ್ನಿಗೆ ಆ ಹುಡುಗ ಬಂದರೆ ನೀನೇ ಹೋಗಿ ಮಾತಾಡಿಸು. ನಿನ್ನ ಆನೆ ಹೋಯ್ತಲ್ಲ, ಅದಕ್ಕೆ ಮುಂಚೆ ಅವನು ಏನು ನೋಡಿದ್ದ ಅಂತ ಕೇಳು. ಅವನು ಕಾಯಿ ಜೋಡಿಸಿ ತೋರಿಸುವಾಗ ಮಧ್ಯೆ ಬಾಯಿ ಹಾಕಬೇಡ, ಆ ಅಭ್ಯಾಸ ನಿನಗೆ ಸ್ವಲ್ಪ ಜಾಸ್ತಿ. ಸ್ಕೋರ್‌ಶೀಟ್ ಹರಿದು ಹಾಕಿಲ್ಲ ತಾನೆ? ಫೋಟೋ ಕಳಿಸು, ರಾತ್ರಿ ಊಟ ಆದ ಮೇಲೆ ಇಬ್ಬರೂ ನೋಡೋಣ.

ನಿನ್ನ ದೊಡ್ಡಪ್ಪ