ವಿಆರ್ ಹೆಡ್‌ಸೆಟ್ ಖರೀದಿ: ಶನಿವಾರ ಸಭೆ

ಎಲ್ಲರಿಗೂ ನಮಸ್ಕಾರ ರೀ.

ಶಾಲೆಗೆ ಯಾವ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಹಾಕಿಕೊಂಡು 3ಡಿ ದೃಶ್ಯ ನೋಡುವ ಸಾಧನ), ಕಂಪ್ಯೂಟರ್ ತಗೋಬೇಕು ಅಂತ ಶನಿವಾರ ಮಧ್ಯಾಹ್ನ 12ಕ್ಕೆ ಶಾಲೆಯಲ್ಲೇ ತೀರ್ಮಾನಿಸೋಣ. ಎಸ್‌ಡಿಎಂಸಿ ಸದಸ್ಯರು, 6ರಿಂದ 8ನೇ ತರಗತಿ ಪಾಲಕರು ತಪ್ಪದೆ ಬನ್ನಿ.

ಮೆಟಾ ಕ್ವೆಸ್ಟ್ 3ಎಸ್ ತರಹದ್ದು ಕಂಪ್ಯೂಟರ್ ಇಲ್ಲದೆಯೂ ನಡೆಯುತ್ತದೆ. ಕಂಪ್ಯೂಟರಿಗೆ ಜೋಡಿಸುವಂಥದ್ದಕ್ಕೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ (ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಭಾಗ) ಬೇಕು, ಖರ್ಚು ಜಾಸ್ತಿ. ನಮ್ಮ ಲ್ಯಾಬಿನ ಹಳೇ ಕಂಪ್ಯೂಟರಿಗೆ ಅದು ಆಗದ ಮಾತು. ನನ್ನ ಕೇಳಿದರೆ ಮೊದಲನೆಯದೇ ಸಾಕು. 10 ವರ್ಷದೊಳಗಿನ ಮಕ್ಕಳಿಗೆ ಬೇಡ ಅಂತ ಕಂಪನಿಯೇ ಹೇಳುತ್ತದೆ.

ಇನ್ನೊಂದು. ಲೆನ್ಸಿಗೆ ನೇರ ಬಿಸಿಲು ಬಿದ್ದರೆ ಒಳಗಿನ ಪರದೆ ಸುಟ್ಟು ಕಲೆ ಬೀಳುತ್ತದೆ. ರಾಯಚೂರಿನ ಬಿಸಿಲು ಗೊತ್ತಲ್ವಾ! ಬೀಗ ಹಾಕುವ ಕಪಾಟು ಯಾರಾದರೂ ಕೊಡಿಸುವುದಾದರೆ ತಿಳಿಸಿ.

ಕೊಟೇಶನ್ ತಂದವರು ಗುರುವಾರದೊಳಗೆ ಇಲ್ಲೇ ಫೋಟೊ ಹಾಕಿ. ಜಿಎಸ್‌ಟಿ, ವಾರಂಟಿ ಬರೆದಿರಲಿ. ಬರುವವರು ‘ಬರ್ತೀನಿ’ ಅಂತ ಹಾಕಿ, ಬರೀ ಕೈಮುಗಿಯುವ ಚಿತ್ರ ಬೇಡ.