ಐಸಿಯುವಿನ ರಾತ್ರಿ ಪಾಳಿಯಿಂದ ಆರೋಗ್ಯ ಸಚಿವರಿಗೊಂದು ಪತ್ರ

ರಾಜ್ಯದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ಇಪ್ಪತ್ತೇಳು ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾಗಿದ್ದೇನೆ. ಹೆಚ್ಚಿನ ಕಾಲ ಕಳೆದದ್ದು ತೀವ್ರ ನಿಗಾ ಘಟಕದಲ್ಲಿ. ಸೇವೆಯಲ್ಲಿದ್ದಾಗ ಇಂಥ ಪತ್ರ ಬರೆದಿದ್ದರೆ ಉತ್ತರಕ್ಕಿಂತ ಮೊದಲು ನೋಟಿಸ್ ಬರುತ್ತಿತ್ತು. ಈಗ ಆ ಭಯವಿಲ್ಲ.

ಅಂಗಾಂಗ ದಾನದ ಸುದ್ದಿಯಲ್ಲಿ ದಾನಿಯ ಕುಟುಂಬ, ಶಸ್ತ್ರಚಿಕಿತ್ಸಕರು, ಆಂಬುಲೆನ್ಸ್‌ಗೆ ದಾರಿ ಬಿಡಿಸಿದ ಸಂಚಾರ ಪೊಲೀಸರು ಎಲ್ಲರೂ ಇರುತ್ತಾರೆ. ಸಿಸ್ಟರ್ ಇರುವುದಿಲ್ಲ. ಫೋಟೊ ಬರಲಿಲ್ಲವೆಂದು ನನಗೆ ಬೇಸರವಿಲ್ಲ, ದೂರು ಬೇರೆಯೇ ಇದೆ.

ಬೈಕ್‌ನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗ ವೆಂಟಿಲೇಟರ್ ಮೇಲಿರುತ್ತಾನೆ. ರಾತ್ರಿ ಎರಡಕ್ಕೆ ಕಫ ತೆಗೆಯಲು ಸಕ್ಷನ್ ಕೊಳವೆ ಇಳಿಸಿದರೆ, ಸಂಜೆಯವರೆಗೆ ಕೆಮ್ಮುತ್ತಿದ್ದವನು ಕೆಮ್ಮುವುದಿಲ್ಲ. ಟಾರ್ಚ್ ಬೆಳಕಿಗೆ ಕಣ್ಣಿನ ಪಾಪೆ ಕುಗ್ಗುವುದಿಲ್ಲ. ಮೂತ್ರದ ಚೀಲ ಖಾಲಿ ಮಾಡಿದಷ್ಟೂ ತುಂಬತೊಡಗುತ್ತದೆ. ಮಿದುಳು ಸತ್ತಿರಬಹುದೆಂಬ ಈ ಲಕ್ಷಣಗಳನ್ನೆಲ್ಲ ಮೊದಲು ಕಾಣುವವಳು ಪಾಳಿಯ ನರ್ಸ್. ಡ್ಯೂಟಿ ಡಾಕ್ಟರಿಗೆ ಹೇಳುತ್ತಾಳೆ, ಚಾರ್ಟಿನಲ್ಲಿ ಬರೆಯುತ್ತಾಳೆ, ಅಲ್ಲಿಗೆ ಅವಳ ಅಧಿಕಾರ ಮುಗಿಯಿತು. ಅಂಗಾಂಗ ದಾನದ ವ್ಯವಸ್ಥೆ ನೋಡಿಕೊಳ್ಳುವ ಕಸಿ ಸಂಯೋಜಕರಿಗೆ ಯಾರು ಫೋನ್ ಮಾಡಬೇಕೆಂಬುದು ಬೆಳಗಿನ ರೌಂಡ್ಸ್‌ವರೆಗೆ ತೀರ್ಮಾನವಾಗದ ರಾತ್ರಿಗಳನ್ನು ನಾನು ಕಂಡಿದ್ದೇನೆ.

ಕಾನೂನಿನ ಪ್ರಕಾರ ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳು ಕಾಂಡದ ಸಾವನ್ನು ದೃಢಪಡಿಸಬೇಕು. ಆ ಬಿಗಿ ಇರಲೇಬೇಕು. ಆದರೆ ಅಷ್ಟು ಹೊತ್ತೂ, ಆಮೇಲೂ, ದೇಹ ತಾನಾಗಿ ಕಾಯುತ್ತ ಕೂರುವುದಿಲ್ಲ. ರಕ್ತದೊತ್ತಡ ಕುಸಿಯುತ್ತದೆ, ಮೈ ತಣ್ಣಗಾಗುತ್ತದೆ, ಸೋಡಿಯಂ ಏರುತ್ತದೆ. ಗಂಟೆಗೊಮ್ಮೆ ಮೂತ್ರ ಅಳೆದು, ಡ್ರಿಪ್ ಸರಿಹೊಂದಿಸಿ, ಬೆಚ್ಚಗೆ ಹೊದಿಸಿ, ಕಾರ್ನಿಯಾ ಒಣಗದಂತೆ ರೆಪ್ಪೆ ಮುಚ್ಚಿಡಬೇಕು. ಒಬ್ಬ ನರ್ಸ್‌ಗೆ ಆ ಒಂದು ಹಾಸಿಗೆಯೇ ಸಾಕಷ್ಟು ಕೆಲಸ. ನಾನು ಮೂರು ನೋಡಿಕೊಂಡಿದ್ದೇನೆ, ನಾಲ್ಕೂ ನೋಡಿಕೊಂಡಿದ್ದೇನೆ. ಉಳಿದ ಮೂವರು ಬದುಕಬೇಕಾದವರು. ಯಾರ ಕಡೆ ಮೊದಲು ಓಡಬೇಕು, ಹೇಳಿ?

ಇನ್ನು ಬಾಗಿಲ ಹೊರಗೆ ನಿಂತವರ ಮಾತು. ನಮ್ಮ ಪತ್ರಿಕೆಗಳೂ ನಿಮ್ಮ ಇಲಾಖೆಯೂ ಈ ಸಾವನ್ನು ‘ಮಿದುಳು ನಿಷ್ಕ್ರಿಯ’ ಎಂದು ಬರೆಯುತ್ತವೆ. ಒಬ್ಬ ತಾಯಿ ನನ್ನನ್ನು ಕೇಳಿದ್ದರು: “ನಿಷ್ಕ್ರಿಯ ಅಂದರೆ ಈಗ ಕೆಲಸ ಮಾಡುತ್ತಿಲ್ಲ ಅಂತ ತಾನೇ ಸಿಸ್ಟರ್? ನಾಳೆ ಮಾಡಬಹುದಲ್ಲವೇ?” ಆ ತಾಯಿಯ ಕನ್ನಡ ಸರಿಯಾಗಿಯೇ ಇತ್ತು, ನಮ್ಮದು ತಪ್ಪಿತ್ತು. ಬ್ಯಾಂಕ್ ಖಾತೆಯೂ ನಿಷ್ಕ್ರಿಯವಾಗುತ್ತದೆ, ಅರ್ಜಿ ಕೊಟ್ಟರೆ ಮತ್ತೆ ಚಾಲೂ ಆಗುತ್ತದೆ. ಎದೆ ಏರಿಳಿಯುತ್ತಿದೆ, ಕೈ ಬೆಚ್ಚಗಿದೆ, ಮೇಲೆ ಈ ಪದ. ಸಾವನ್ನು ಸಾವು ಎಂದೇ ಹೇಳದೆ ದಾನದ ಮಾತೆತ್ತಿದರೆ, ಮಗನನ್ನು ಜೀವಂತ ಕೊಯ್ಯುತ್ತಾರೆಂದು ಅವರು ಭಾವಿಸುವುದರಲ್ಲಿ ಆಶ್ಚರ್ಯವೇನಿದೆ? ದಯವಿಟ್ಟು ಇಲಾಖೆಯ ಕಾಗದಗಳಲ್ಲಿ ಆ ಪದ ಬದಲಿಸಿ. ಇದಕ್ಕೆ ಅನುದಾನವೂ ಬೇಡ.

ದಾನ ಕೇಳುವ ಕೆಲಸವನ್ನು ನರ್ಸ್‌ಗಳಿಗೆ ವಹಿಸಿ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮಗನ ಮೈ ಒರೆಸುತ್ತಿರುವವಳೇ ಮೂತ್ರಪಿಂಡ ಕೇಳಿದರೆ, ಅದುವರೆಗಿನ ಆರೈಕೆಯ ಮೇಲೂ ಅನುಮಾನ ಬರುತ್ತದೆ. ಕೇಳುವವರು ಬೇರೆಯಾಗಿರಲಿ, ಕೇಳುವಾಗ ಸಿಸ್ಟರ್ ಪಕ್ಕದಲ್ಲಿರಲಿ. ಅವರು ಹೋದ ಮೇಲೆ ಮನೆಯವರು ಮತ್ತೆ ಪ್ರಶ್ನೆ ಕೇಳುವುದು ನಮ್ಮನ್ನೇ.

2014ರ ನಿಯಮಗಳ ಪ್ರಕಾರ ನರ್ಸ್ ಕೂಡ ಕಸಿ ಸಂಯೋಜಕರಾಗಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಅದಕ್ಕೆ ಪೂರ್ಣಾವಧಿ ಹುದ್ದೆ ಕೊಡಿ, ‘ಹೆಚ್ಚುವರಿ ಪ್ರಭಾರ’ ಬೇಡ. ಆ ಸಂಯೋಜಕರು ವಾರ್ಡಿನ ಹಾಸಿಗೆ ನೋಡಿಕೊಳ್ಳುವವರೂ ಆಗಿರಬಾರದು. ಲಕ್ಷಣ ಕಂಡ ರಾತ್ರಿಯೇ ಸಂಯೋಜಕರಿಗೆ ನೇರವಾಗಿ ಫೋನ್ ಮಾಡುವ ಅಧಿಕಾರವನ್ನು ಪಾಳಿಯ ನರ್ಸ್‌ಗೆ ಲಿಖಿತವಾಗಿ ಕೊಡಿ. ದಾನಿಯ ಹಾಸಿಗೆಗೆ ಒಬ್ಬರನ್ನು ಮೀಸಲಿಡಿ. 2023ರಲ್ಲಿ ನಮ್ಮ ರಾಜ್ಯದಲ್ಲಿ 178 ಮಂದಿಯ ಅಂಗಾಂಗಗಳು ಸಾವಿನ ನಂತರ ದಾನವಾದವು. ದೇಶದಲ್ಲಿ ಮುಂಚೂಣಿಯಲ್ಲಿದ್ದೇವೆಂದು ಹೆಮ್ಮೆಪಡಬಹುದು, ಆದರೆ ರಸ್ತೆ ಅಪಘಾತಗಳ ಲೆಕ್ಕ ನಿಮಗೇ ಗೊತ್ತಿದೆ.

ಒಮ್ಮೆ ಯಾವುದಾದರೂ ಜಿಲ್ಲಾ ಆಸ್ಪತ್ರೆಯ ಐಸಿಯುಗೆ ರಾತ್ರಿ ಎರಡಕ್ಕೆ ಬನ್ನಿ. ಮುಂಚಿತವಾಗಿ ತಿಳಿಸಬೇಡಿ. ತಿಳಿಸಿದರೆ ಆ ರಾತ್ರಿ ಮಾತ್ರ ಹಾಸಿಗೆಗೊಬ್ಬ ನರ್ಸ್ ಇರುತ್ತಾರೆ.

ಇಂತಿ,
ನಿವೃತ್ತ ಶುಶ್ರೂಷಕಿ