ಮಂಟಪ ಮುಳುಗುವ ಮೊದಲೇ ಹೇಳಿ

ಸಂಪಾದಕರೇ,

ನಮ್ಮ ಶಿವಮೊಗ್ಗದಲ್ಲಿ ತುಂಗಾ ಹೊಳೆಯ ಕೋರ್ಪಲಯ್ಯನ ಮಂಟಪ ಮುಳುಗಿದರೆ ಸಾಕು, ಸೇತುವೆ ಮೇಲೆ ಸೆಲ್ಫಿಗೆ ಜನವೋ ಜನ. ಹೊಳೆ ಬದಿಯ ಕೇರಿಗಳಲ್ಲಿ ಅಷ್ಟೊತ್ತಿಗೆ ಅಕ್ಕಿ ಮೂಟೆ ಅಟ್ಟ ಹತ್ತಿರುತ್ತದೆ, ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು ಪ್ಲಾಸ್ಟಿಕ್ ಕವರಿನೊಳಗೆ ಸೇರಿರುತ್ತವೆ. 2019ರ ಆಗಸ್ಟ್ ನೆರೆ ಯಾರಿಗೂ ಮರೆತಿಲ್ಲ.

ಊರಿನ ಮೇಲ್ಗಡೆ ಇರುವ ಗಾಜನೂರು ಅಣೆಕಟ್ಟು ಚಿಕ್ಕದು, ಶೃಂಗೇರಿ ಕಡೆ ಜೋರು ಮಳೆ ಹೊಯ್ದರೆ ಬಂದ ನೀರನ್ನು ಬಂದ ಹಾಗೇ ಬಿಡಬೇಕು. ಅಧಿಕಾರಿಗಳು ಸುಮ್ನೆ ಇಷ್ಟು ಕ್ಯೂಸೆಕ್ ನೀರು ಬಿಟ್ಟೆವು ಅಂದರೆ ನಮಗೇನು ಅರ್ಥವಾಗುತ್ತದೆ? ಯಾವ ಬೀದಿಗೆ ಎಷ್ಟೊತ್ತಿಗೆ ನೀರು ಬರಬಹುದು ಅಂತ ಆಟೋಗೆ ಮೈಕ್ ಕಟ್ಟಿ ಹೇಳಲಿ.

ನೀರು ಇಳಿದ ಮೇಲಿನ ಕಷ್ಟವೇ ಜಾಸ್ತಿ. ಸರ್ವೆಯವರು ಬರುವ ಮೊದಲು ಮನೆ ತೊಳೆದರೆ ಪರಿಹಾರ ತಪ್ಪುತ್ತದೆ ಅಂತ ಹೆದರಿ ಜನ ಕೆಸರಲ್ಲೇ ಕಾಯುತ್ತಾರೆ. ಮೊಬೈಲ್ ಫೋಟೊವನ್ನೇ ಸಾಕ್ಷಿ ಅಂತ ಒಪ್ಪಿಕೊಳ್ಳಬಹುದಲ್ವಾ?

– ಓದುಗ, ಶಿವಮೊಗ್ಗ